ದಂಡಿನ ಕೋವಿ ಕಾಡಿಗೆ ಬಂದ ಬಗೆ

ಕಾಲೇಜಿನಲ್ಲಿದ್ದಾಗ ಎನ್.ಸಿ.ಸಿ. ಶಿಬಿರವೊಂದರಲ್ಲಿ ‘ತ್ರೀ ನಾಟ್ ತ್ರೀ’ ಬಂದೂಕು ಮೊದಲ ಸಲ ನನ್ನ ಕೈಗೆ ಬಂತು. ಸುಮಾರು ನಾಲ್ಕು ಕಿಲೋ ಭಾರ. ಅದು ಸಿಡಿದ ರಭಸಕ್ಕೆ ಹೆಗಲು ಎರಡು ದಿನ ನೊಂದಿತು; ಗುಂಡು ಎಲ್ಲಿಗೆ ಹೋಯಿತೆಂದು ಮಾತ್ರ ಇಂದಿಗೂ ಹೇಳಲಾರೆ. ಸಿಪಾಯಿಯ ಆಯುಧವೆಂದಷ್ಟೇ ನಾನು ಬಗೆದಿದ್ದ ಅದನ್ನು ಕೆನಡಾದ ರೈತನೊಬ್ಬ ಚಳಿಗಾಲದ ಮಾಂಸಕ್ಕೆಂದು ಜಿಂಕೆಯ ಬೇಟೆಗೆ ಒಯ್ಯುತ್ತಿದ್ದನೆಂಬುದು ತಿಳಿದದ್ದು ಬಹುಕಾಲದ ಮೇಲೆ.

ಯುದ್ಧ ಮುಗಿದ ಮೇಲೆ ಸೈನಿಕರು ಮನೆಗೆ ಮರಳುತ್ತಾರೆ. ಅವರ ಕೋವಿಗಳು ಎಲ್ಲಿಗೆ ಹೋಗುತ್ತವೆ? ಅಮೆರಿಕದಲ್ಲಿ ಅವು ಅಂಗಡಿಗೆ ಹೋದವು. ನ್ಯೂಯಾರ್ಕಿನ ಫ್ರಾನ್ಸಿಸ್ ಬ್ಯಾನರ್‌ಮನ್ ಎಂಬ ವರ್ತಕ 1898ರ ಯುದ್ಧದಲ್ಲಿ ಸ್ಪೇನಿನಿಂದ ವಶವಾದ ಸಾಮಗ್ರಿಯ ಬಹುಪಾಲನ್ನು ಕೊಂಡುಬಿಟ್ಟ. ಅಷ್ಟೊಂದು ಮದ್ದುಗುಂಡನ್ನು ಊರೊಳಗೆ ಇಡುವುದು ಹೇಗೆ? ಅದಕ್ಕಾಗಿ ಹಡ್ಸನ್ ನದಿಯ ನಡುವಣ ದ್ವೀಪವೊಂದನ್ನೇ ಕ್ರಯಕ್ಕೆ ಪಡೆದು, ಕೋಟೆಯ ಆಕಾರದ ಉಗ್ರಾಣ ಕಟ್ಟಿಸಿದ. 1920ರಲ್ಲಿ ಅಲ್ಲಿಯ ಮದ್ದಿನ ಮನೆ ಸಿಡಿಯಿತು. ಅದರ ಪಾಳುಗೋಡೆಗಳು ಈಗಲೂ ಇವೆ.

ಎರಡನೆಯ ಮಹಾಯುದ್ಧದ ನಂತರವಂತೂ ಈ ವ್ಯಾಪಾರಕ್ಕೆ ಎಣೆಯೇ ಇರಲಿಲ್ಲ. ಯೂರೋಪಿನ ಸೈನ್ಯಗಳು ಹೊಸ ಆಯುಧ ಹಿಡಿದು, ಹಳೆಯ ಮೌಸರ್, ಎನ್‌ಫೀಲ್ಡ್, ಕಾರ್ಕಾನೋಗಳನ್ನು ಹೊರೆಯೆಂದು ಮಾರಿದವು. 1953ರಲ್ಲಿ ಸ್ಯಾಮ್ಯುಯೆಲ್ ಕಮಿಂಗ್ಸ್ ಎಂಬಾತ ಇಂಟರಾರ್ಮ್ಕೋ ಎಂಬ ಸಂಸ್ಥೆ ಕಟ್ಟಿ, ಅವುಗಳನ್ನು ಹಡಗುಗಟ್ಟಲೆ ತರಿಸಿ ವರ್ಜೀನಿಯಾದ ಉಗ್ರಾಣಗಳಲ್ಲಿ ತುಂಬಿದ. ಹೊಸ ಬೇಟೆಕೋವಿಯ ಬೆಲೆ ತೆರಲಾರದ ಗಿರಣಿ ಕೆಲಸಗಾರನಿಗೂ ಸಣ್ಣ ಹಿಡುವಳಿದಾರನಿಗೂ ಇದು ವರವಾಯಿತು.

ಆದರೆ ಅಗ್ಗದ ಕೋವಿಯನ್ನು ಆರಿಸುವುದಕ್ಕೆ ಹಳೆಯ ಎತ್ತನ್ನು ಕೊಳ್ಳುವವನ ಕಣ್ಣು ಬೇಕು. ಮೈಗೆ ಬಳಿದ ಗಟ್ಟಿ ಜಿಡ್ಡನ್ನು ಮೊದಲು ತೊಳೆಯಬೇಕು. ನಳಿಕೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ಹಳೆಯ ತೋಟಾಗಳ ಸಿಡಿಮದ್ದು ಬಿಟ್ಟುಹೋದ ಉಪ್ಪು ತೇವ ಹೀರಿ, ಒಳಗಿನ ಸುರುಳಿಗೀರುಗಳನ್ನು ತುಕ್ಕು ತಿನ್ನಿಸಿರುವುದು ಸಾಮಾನ್ಯ. ಬೋಲ್ಟಿನ ಮೇಲಿನ ಅಂಕಿಯೂ ಕೋವಿಯ ಅಂಕಿಯೂ ಒಂದೇ ಆಗಿದ್ದರೆ ಒಳ್ಳೆಯ ಲಕ್ಷಣ. ಇಲ್ಲದಿದ್ದರೆ ತೋಟಾ ಭದ್ರವಾಗಿ ಕೂರುವುದೇ ಎಂದು ಕಮ್ಮಾರಿಕೆ ಬಲ್ಲವನಿಂದ ಅಳೆಯಿಸಬೇಕು. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ 1903ರ ಮಾದರಿಯಲ್ಲಿ 8 ಲಕ್ಷಕ್ಕಿಂತ ಕೆಳಗಿನ ಅಂಕಿಯವುಗಳ ಉಕ್ಕು ಹದ ತಪ್ಪಿ ಪೆಡಸಾಗಿರಬಹುದು. ಕೆಲವು ಹಿಡಿದವನ ಮುಖದೆದುರೇ ಒಡೆದಿವೆ.

ಕೋವಿಗಿಂತ ಮುಖ್ಯವಾದದ್ದು ಗುಂಡು. ಸೈನ್ಯದ ಗುಂಡಿಗೆ ಪೂರ್ತಿ ಲೋಹದ ಕವಚ. ಅದು ಜಿಂಕೆಯ ಮೈಯನ್ನು ಸೂಜಿಯಂತೆ ತೂರಿ ಹೊರಟುಹೋಗಬಹುದು. ಪ್ರಾಣಿ ಗಾಯ ಹೊತ್ತು ಮೈಲಿಗಟ್ಟಲೆ ಓಡಿ ಎಲ್ಲಿಯೋ ನರಳಿ ಸಾಯುತ್ತದೆ. ಆದ್ದರಿಂದ ಬೇಟೆಗಾರನಿಗೆ ಬೇಕಾದದ್ದು ಮೂತಿಯಲ್ಲಿ ಸೀಸ ತೆರೆದಿದ್ದು, ತಾಗಿದೊಡನೆ ಅರಳುವ ಗುಂಡು. ಈ ಬಗೆಯ ಗುಂಡಿಗೆ ಲೋಕದಲ್ಲಿ ಹೆಸರು ತಂದದ್ದು ನಮ್ಮ ಕಲಕತ್ತೆಯ ಬಳಿಯ ಡಂಡಂ ಕಾರ್ಖಾನೆ. ವಾಯವ್ಯ ಗಡಿಯ ಪಠಾಣರು ಕವಚದ ಗುಂಡು ತಗುಲಿದರೂ ನಿಲ್ಲದೆ ಮುನ್ನುಗ್ಗುತ್ತಾರೆಂದು ಬ್ರಿಟಿಷರು 1890ರ ದಶಕದಲ್ಲಿ ಅಲ್ಲಿ ಅದನ್ನು ಮಾಡಿಸಿದರು. 1899ರ ಹೇಗ್ ಸಮ್ಮೇಳನ ಅರಳುವ ಗುಂಡನ್ನು ಯುದ್ಧದಲ್ಲಿ ನಿಷೇಧಿಸಿತು; ಬ್ರಿಟನ್ ಒಪ್ಪಿದ್ದು 1907ರಲ್ಲಿ. ಮನುಷ್ಯನ ಮೇಲೆ ಹಾರಿಸುವುದು ಕ್ರೌರ್ಯವೆಂದು ದೂರವಿಟ್ಟ ಗುಂಡನ್ನೇ ಜಿಂಕೆಯ ಮೇಲೆ ಹಾರಿಸುವುದು ಕರುಣೆಯೆಂದು ಅಮೆರಿಕದ ಹಲವು ಸಂಸ್ಥಾನಗಳ ಬೇಟೆಯ ಕಾನೂನು ಕವಚದ ಗುಂಡನ್ನು ಕಾಡಿನಿಂದ ಹೊರಗಿಟ್ಟಿದೆ. ನಾನು ಇದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಅಗ್ಗದ ಕೋವಿಗೆ ಇನ್ನೊಂದು ಮುಖವೂ ಉಂಟು. 1963ರ ಮಾರ್ಚಿಯಲ್ಲಿ ಚಿಕಾಗೋದ ಅಂಗಡಿಯೊಂದಕ್ಕೆ ಅಂಚೆಯ ಮೂಲಕ ಕೋರಿಕೆ ಬಂತು: ಇಟಲಿಯ ಸೈನ್ಯ ಬಿಟ್ಟ ಕಾರ್ಕಾನೋ, ದುರ್ಬೀನು ಸಹಿತ, 19 ಡಾಲರ್ 95 ಸೆಂಟು, ಅಂಚೆವೆಚ್ಚ ಬೇರೆ. ಕೊಂಡವನು ಸುಳ್ಳು ಹೆಸರು ಬರೆದಿದ್ದ. ಆ ಹೆಸರಿನ ಹಿಂದಿದ್ದವನು ಲೀ ಹಾರ್ವೆ ಆಸ್ವಾಲ್ಡ್. ಅದೇ ವರ್ಷ ನವೆಂಬರ್ 22ರಂದು ಡಲ್ಲಾಸಿನಲ್ಲಿ ಅಧ್ಯಕ್ಷ ಕೆನೆಡಿಯನ್ನು ಕೊಂದದ್ದು ಆ ಕೋವಿಯೇ ಎಂದು ವಾರನ್ ಆಯೋಗ ತೀರ್ಮಾನಿಸಿತು. 1968ರ ಕಾನೂನು ಅಂಚೆಯ ಮಾರಾಟವನ್ನೂ ಹೊರದೇಶದ ಸೈನಿಕ ಕೋವಿಗಳ ಆಮದನ್ನೂ ತಡೆಯಿತು. ಹಳೆಯ ವಸ್ತುಗಳೆಂಬ ನೆಲೆಯಲ್ಲಿ ಆಮದಿಗೆ ಮತ್ತೆ ಬಾಗಿಲು ತೆರೆದದ್ದು 1980ರ ದಶಕದಲ್ಲಿ.

ನಮ್ಮಲ್ಲಿ ಈ ಕಥೆ ನಡೆಯಲೇ ಇಲ್ಲ. ಸೈನ್ಯದ ತೋಟಾ ಪ್ರಜೆಗಳ ಕೋವಿಗೆ ಹೊಂದಬಾರದೆಂಬುದು ಆಂಗ್ಲರ ಎಚ್ಚರ. ಸ್ವತಂತ್ರ ಭಾರತವೂ ಅದನ್ನೇ ಮುಂದುವರಿಸಿತು. ಇಛಾಪುರದ ಕಾರ್ಖಾನೆ ನಾಗರಿಕರಿಗೆಂದು ಎನ್‌ಫೀಲ್ಡಿನ ಅಚ್ಚಿನಲ್ಲೇ .315 ಅಳತೆಯ ಬೇರೆ ಕೋವಿಯನ್ನು ಮಾಡಿತು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅದಕ್ಕೆ ಜಿಂಕೆಯ ಕೆಲಸ ಉಳಿಯಲಿಲ್ಲ.

ಈಗ ಬೆಲೆಯ ಲೆಕ್ಕವೇ ತಲೆಕೆಳಗಾಗಿದೆ. ಬೇಟೆಗೆ ಹಗುರವಾಗಲೆಂದು ಹಿಂದಿನವರು ಮರದ ಹಿಡಿಯನ್ನು ಗರಗಸದಿಂದ ಕತ್ತರಿಸಿದರು, ನಳಿಕೆಯನ್ನು ಗಿಡ್ಡ ಮಾಡಿದರು. ಹಾಗೆ ಕೊಯ್ಯದೆ ಉಳಿದ ಕೋವಿಗೆ ಇಂದು ಸಂಗ್ರಹಕಾರರು ಹೆಚ್ಚು ಹಣ ಕೊಡುತ್ತಾರೆ. ಬಡ ಬೇಟೆಗಾರನಿಗೆ ಕಾರ್ಖಾನೆಯ ಹೊಸ ಸಾಧಾರಣ ಕೋವಿಯೇ ಎಷ್ಟೋ ವೇಳೆ ಅಗ್ಗ. ಕೆನಡಾದ ಉತ್ತರ ಹಿಮಪ್ರದೇಶವನ್ನು ಕಾಯುವ ರೇಂಜರ್ ಪಡೆಗೆ ಮಾತ್ರ 1947ರಿಂದ ಸುಮಾರು ಎಪ್ಪತ್ತು ವರ್ಷ ‘ತ್ರೀ ನಾಟ್ ತ್ರೀ’ಯೇ ಸಂಗಾತಿಯಾಗಿತ್ತು. ಎಷ್ಟು ಚಳಿಯಿದ್ದರೂ ಅದರ ಬೋಲ್ಟು ಹೆಪ್ಪುಗಟ್ಟಿ ನಿಲ್ಲುವುದಿಲ್ಲವೆಂಬುದು ಅವರ ನಂಬಿಕೆ. ಹೊಸ ಬಂದೂಕು ಬಂದಾಗ, ಹಳೆಯದನ್ನೇ ಇಟ್ಟುಕೊಳ್ಳಲು ಬಯಸಿದವರಿಗೆ ಸರ್ಕಾರ ಅದಕ್ಕೆ ಅವಕಾಶ ಕೊಟ್ಟಿತು.