ಏಳು ಚಿಕ್ಕದು, ಒಂದು ಉದ್ದ

ಏಳು ಸಲ ಚಿಕ್ಕದಾಗಿ, ಆಮೇಲೆ ಒಂದು ಸಲ ಉದ್ದವಾಗಿ. ಹಡಗಿನ ಸೈರನ್ ಹೀಗೆ ಕೂಗಿತು ಅಂದ್ರೆ ಅರ್ಥ ಒಂದೇ: ಲೈಫ್ ಜಾಕೆಟ್ ಹಾಕ್ಕೊಳ್ಳಿ, ನಿಮಗೆ ಹೇಳಿದ ಜಾಗಕ್ಕೆ ಬಂದು ನಿಲ್ಲಿ. ಭಾಷೆ ಬಾರದವರಿಗೂ ಅರ್ಥವಾಗುವ ಸಂಕೇತ ಇದು.

1912ರ ಏಪ್ರಿಲ್ 14ರ ರಾತ್ರಿ 11:40ಕ್ಕೆ ಟೈಟಾನಿಕ್ ನೀರ್ಗಲ್ಲಿಗೆ ಬಡಿದಾಗ ಇಡೀ ಹಡಗನ್ನು ಎಬ್ಬಿಸುವ ಇಂಥ ಅಲಾರಂ ಮೊಳಗಲಿಲ್ಲ. ಸಿಬ್ಬಂದಿ ಒಂದೊಂದೇ ಕ್ಯಾಬಿನ್ ಬಾಗಿಲು ತಟ್ಟುತ್ತಾ ಹೋದರು. ಮೊದಲ ಲೈಫ್‌ಬೋಟ್ ಅರ್ಧವೂ ತುಂಬದೆ ಹೊರಟಿತು. ಸತ್ತವರು 1500ಕ್ಕೂ ಹೆಚ್ಚು. ಆ ಸಾವುಗಳ ನಂತರವೇ, 1914ರಲ್ಲಿ, ಲಂಡನ್‌ನಲ್ಲಿ ಸೋಲಾಸ್ ಅನ್ನೋ ಒಪ್ಪಂದ ಆಯಿತು. ಸಮುದ್ರದಲ್ಲಿ ಜೀವ ಉಳಿಸುವ ನಿಯಮಗಳ ಮೂಲ ಅದು.

ಸರಿ, ಪಾಠ ಕಲಿತೆವಾ?

ನೂರು ವರ್ಷ ಕಳೆಯಿತು. 2012ರ ಜನವರಿ 13, ಇಟಲಿಯ ಜಿಲಿಯೋ ದ್ವೀಪ. ಕೋಸ್ಟಾ ಕಾನ್‌ಕಾರ್ಡಿಯಾದಲ್ಲಿ 4,200ಕ್ಕೂ ಹೆಚ್ಚು ಜನ. ರಾತ್ರಿ 9:45ಕ್ಕೆ ಹಡಗು ಬಂಡೆಗೆ ಬಡಿಯಿತು. ಒಳಗೆ ನೀರು ನುಗ್ಗುತ್ತಿತ್ತು. ಪ್ರಯಾಣಿಕರಿಗೆ ಹೇಳಿದ್ದೇನು ಗೊತ್ತಾ? ಕರೆಂಟ್ ಸಮಸ್ಯೆ ಅಂತ! ಆ ಏಳು ಚಿಕ್ಕ, ಒಂದು ಉದ್ದ ಕೂಗು ಕೇಳಿಸಿದ್ದು 10:33ಕ್ಕೆ. 48 ನಿಮಿಷ ತಡ. ಹಡಗು ಬಿಡುವ ಆದೇಶಕ್ಕೆ ಇನ್ನೂ 20 ನಿಮಿಷ ಬೇಕಾಯಿತು. ಅಷ್ಟರಲ್ಲಿ ಹಡಗು ವಾಲಿತ್ತು, ಬೋಟ್ ಇಳಿಸುವುದೇ ಕಷ್ಟವಾಗಿತ್ತು. 32 ಜನ ಸತ್ತರು. ಎಲ್ಲರೂ ಇಳಿಯುವ ಮೊದಲೇ ಹಡಗು ಬಿಟ್ಟ ಕ್ಯಾಪ್ಟನ್‌ಗೆ 16 ವರ್ಷ ಜೈಲು ಶಿಕ್ಷೆಯಾಯಿತು.

ನಾನು ಇಂಜಿನಿಯರಿಂಗ್ ಓದಿದವನು. ಯಂತ್ರ ಕೈಕೊಟ್ಟರೆ ಏನು ಮಾಡಬೇಕು ಅಂತ ನಮಗೆ ಕಲಿಸ್ತಾರೆ. ಇಲ್ಲಿ ಸೈರನ್ ಕೆಟ್ಟಿರಲಿಲ್ಲ. ಕೂಗಿಸಬೇಕಾದ ಮನುಷ್ಯ ಕೂಗಿಸಲಿಲ್ಲ. ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತೆ, ಜನ ಗಾಬರಿಯಾಗ್ತಾರೆ ಅನ್ನೋ ಲೆಕ್ಕಾಚಾರಕ್ಕೆ ಯಾವ ಟೆಕ್ನಾಲಜಿಯೂ ಮದ್ದಲ್ಲ.

ಇನ್ನೊಂದು ಮಾತು. ಅದೇ ಸಂಜೆ ಹಡಗು ಹತ್ತಿದ್ದ ಸುಮಾರು 700 ಪ್ರಯಾಣಿಕರಿಗೆ ಸುರಕ್ಷತಾ ಡ್ರಿಲ್ಲೇ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಅಂತಿತ್ತು ಆಗಿನ ನಿಯಮ. 2015ರಿಂದ ಅದು ಬದಲಾಯಿತು: ಹಡಗು ಹೊರಡುವ ಮೊದಲು, ಇಲ್ಲವೇ ಹೊರಟ ತಕ್ಷಣ.

ಆ ದುರಂತದಲ್ಲಿ ಕೊನೆಯದಾಗಿ ಸಿಕ್ಕ ದೇಹ ಹಡಗಿನ ಒಬ್ಬ ಭಾರತೀಯ ವೇಟರ್‌ದು. ಸಿಕ್ಕಿದ್ದು 2014ರ ನವೆಂಬರ್‌ನಲ್ಲಿ. ಮನೆಯವರು ಕಾದಿದ್ದು ಹೆಚ್ಚುಕಡಿಮೆ ಮೂರು ವರ್ಷ.

ಮುಂದಿನ ಸಲ ನಿಮ್ಮ ಆಫೀಸಿನಲ್ಲಿ ಮಾಕ್ ಡ್ರಿಲ್ ಸೈರನ್ ಕೂಗಿದಾಗ ಕಾಫಿ ಕಪ್ ಕೆಳಗಿಟ್ಟು ಎದ್ದೇಳಿ, ವೀಕ್ಷಕರೇ.