ಕಳೆನಾಶಕ ಸಹಿಷ್ಣು ಹತ್ತಿ: ಅನುಮೋದನೆಯಿಲ್ಲದ ಬೀಜದ ಅಪಾಯಗಳು ಮತ್ತು ಸುರಕ್ಷಿತ ಕಳೆ ನಿರ್ವಹಣೆ

ಪೀಠಿಕೆ

ಹತ್ತಿಯು ಆರಂಭದಲ್ಲಿ ನಿಧಾನವಾಗಿ ಬೆಳೆಯುವ, ಅಗಲ ಸಾಲಿನ ಬೆಳೆ. ಆದ್ದರಿಂದ ಬಿತ್ತನೆಯಾದ ಮೊದಲ 60 ದಿನಗಳಲ್ಲಿ ಕಳೆಗಳ ಪೈಪೋಟಿ ತೀವ್ರವಾಗಿರುತ್ತದೆ. ಇದೇ ಅವಧಿಯಲ್ಲಿ ಮಳೆ ಹಿಡಿದರೆ ಎಡೆಕುಂಟೆ ಹೊಡೆಯಲಾಗದು. ಕಳೆ ತೆಗೆಯಲು ಕೂಲಿಯಾಳುಗಳೂ ದೊರೆಯುವುದಿಲ್ಲ. ಈ ತೊಂದರೆಯನ್ನು ಬಳಸಿಕೊಂಡು, ಕಳೆನಾಶಕ ಸಿಂಪಡಿಸಿದರೂ ಸಾಯದ ಹತ್ತಿ ಬೀಜವೆಂದು ಹೇಳಿ ಅನುಮೋದನೆಯಿಲ್ಲದ ಬೀಜವನ್ನು ಕೆಲವೆಡೆ ಮಾರಲಾಗುತ್ತಿದೆ. ರೈತರು ಬೀಜ ಕೊಳ್ಳುವ ಮುನ್ನ ಕೆಳಗಿನ ಅಂಶಗಳನ್ನು ತಿಳಿದಿರಬೇಕು.

ಬಿ.ಟಿ. ಹತ್ತಿಗೂ ಕಳೆನಾಶಕ ಸಹಿಷ್ಣು ಹತ್ತಿಗೂ ಇರುವ ವ್ಯತ್ಯಾಸ

ಬಿ.ಟಿ. ಹತ್ತಿಯಲ್ಲಿರುವುದು ಕಾಯಿಕೊರಕ ಹುಳುಗಳಿಗೆ ಮಾರಕವಾದ ಪ್ರೋಟೀನನ್ನು ಉತ್ಪಾದಿಸುವ ಜೀನ್. ಭಾರತದಲ್ಲಿ ಒಂದು ಜೀನ್‌ನ ಬಿ.ಟಿ. ಹತ್ತಿಗೆ 2002ರಲ್ಲಿ, ಎರಡು ಜೀನ್‌ಗಳ ಹತ್ತಿಗೆ 2006ರಲ್ಲಿ ವಾಣಿಜ್ಯ ಬೇಸಾಯದ ಅನುಮತಿ ದೊರೆಯಿತು.

ಕಳೆನಾಶಕ ಸಹಿಷ್ಣು ಹತ್ತಿಯ ಗುಣ ಬೇರೆ. ಗ್ಲೈಫೋಸೇಟ್ ಕಳೆನಾಶಕವು ಸಸ್ಯದ ಬೆಳವಣಿಗೆಗೆ ಅಗತ್ಯವಾದ ಒಂದು ಕಿಣ್ವವನ್ನು ತಡೆಯುವುದರಿಂದ ಸಾಮಾನ್ಯ ಹತ್ತಿಯೂ ಕಳೆಯೂ ಸಮನಾಗಿ ಸಾಯುತ್ತವೆ. ಸಹಿಷ್ಣು ಹತ್ತಿಗೆ ಬ್ಯಾಕ್ಟೀರಿಯಾದಿಂದ ಪಡೆದ ಜೀನ್ ಸೇರಿಸಿರುವುದರಿಂದ ಅದು ಮಾತ್ರ ಉಳಿಯುತ್ತದೆ. ಈ ಜೀನ್ ಕೀಟಗಳನ್ನು ತಡೆಯುವುದಿಲ್ಲ. ತಾನಾಗಿ ಇಳುವರಿಯನ್ನೂ ಹೆಚ್ಚಿಸುವುದಿಲ್ಲ. ಇಂತಹ ಹತ್ತಿಯ ವಾಣಿಜ್ಯ ಬೇಸಾಯಕ್ಕೆ ನಮ್ಮ ದೇಶದಲ್ಲಿ ಅನುಮೋದನೆ ದೊರೆತಿಲ್ಲ. ಅನುಮೋದನೆಯಿಲ್ಲದ ಕುಲಾಂತರಿ ಬೀಜದ ಉತ್ಪಾದನೆ ಮತ್ತು ಮಾರಾಟ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಯಾಗುತ್ತದೆ.

ರೈತರಿಗೆ ಆಗುವ ನಷ್ಟಗಳು

1. ರಸೀದಿ ಇರುವುದಿಲ್ಲ: ಮೊಳಕೆ ಬಾರದಿದ್ದರೆ ಅಥವಾ ಬೆಳೆ ವಿಫಲವಾದರೆ ಪರಿಹಾರ ಕೇಳಲು ದಾಖಲೆಯೇ ಇರುವುದಿಲ್ಲ.

2. ಬೀಜದ ಶುದ್ಧತೆಗೆ ಖಾತರಿಯಿಲ್ಲ: ಚೀಲದಲ್ಲಿ ಸಾಮಾನ್ಯ ಬೀಜ ಬೆರೆತಿದ್ದರೆ, ಗ್ಲೈಫೋಸೇಟ್ ಸಿಂಪಡಿಸಿದಾಗ ಆ ಗಿಡಗಳು ಕಳೆಯೊಂದಿಗೇ ಸಾಯುತ್ತವೆ. ಅಷ್ಟರಲ್ಲಿ ಮರುಬಿತ್ತನೆಯ ಕಾಲ ಮೀರಿರುತ್ತದೆ.

3. ಅಂತರಬೆಳೆ ಮತ್ತು ನೆರೆ ಹೊಲಕ್ಕೆ ಹಾನಿ: ತೊಗರಿ, ಹೆಸರು, ಮೆಣಸಿನಕಾಯಿ ಮುಂತಾದವುಗಳಿಗೆ ಸಹಿಷ್ಣುತೆ ಇಲ್ಲ. ಗಾಳಿಯಲ್ಲಿ ತೇಲಿಬಂದ ಹನಿಯೂ ಇವುಗಳನ್ನು ಒಣಗಿಸಬಲ್ಲದು.

4. ಗುಲಾಬಿ ಕಾಯಿಕೊರಕದ ಹೆಚ್ಚಳ: ಅನುಮೋದಿತ 475 ಗ್ರಾಂ ಬಿ.ಟಿ. ಬೀಜದ ಪೊಟ್ಟಣದಲ್ಲಿ ಶೇ. 5ರಿಂದ 10ರಷ್ಟು ಬಿ.ಟಿ. ಅಲ್ಲದ ಬೀಜ ಬೆರೆಸಿರುತ್ತದೆ. ಹುಳುಗಳಲ್ಲಿ ನಿರೋಧಕ ಶಕ್ತಿ ಬೆಳೆಯುವುದನ್ನು ನಿಧಾನಗೊಳಿಸುವುದೇ ಇದರ ಉದ್ದೇಶ. ಅನಧಿಕೃತ ಬೀಜದಲ್ಲಿ ಈ ವ್ಯವಸ್ಥೆಗೆ ಖಾತರಿಯಿಲ್ಲ.

5. ಸಾಯದ ಕಳೆಗಳ ಉದಯ: ಒಂದೇ ಕಳೆನಾಶಕವನ್ನು ಪದೇಪದೇ ಬಳಸಿದರೆ ಅದನ್ನು ತಾಳಿಕೊಳ್ಳುವ ಕಳೆಗಳು ಮಾತ್ರ ಉಳಿದು ಬೀಜ ಕಟ್ಟುತ್ತವೆ. ಅಮೆರಿಕದಲ್ಲಿ 1997ರಲ್ಲಿ ಕಳೆನಾಶಕ ಸಹಿಷ್ಣು ಹತ್ತಿ ಬಳಕೆಗೆ ಬಂದಿತು. ದಶಕದೊಳಗೆ ಜಾರ್ಜಿಯಾ ರಾಜ್ಯದ ಹೊಲಗಳಲ್ಲಿ ದಂಟಿನ ಜಾತಿಯ ಕಳೆಯು ಗ್ಲೈಫೋಸೇಟ್‌ಗೆ ಬಗ್ಗದಾಯಿತು. ಅಲ್ಲಿನ ರೈತರು ಮತ್ತೆ ಕೈಗಳೆಗೆ ಖರ್ಚು ಮಾಡಬೇಕಾಯಿತು.

ಗ್ಲೈಫೋಸೇಟ್: ಕಾನೂನು ಮತ್ತು ಆರೋಗ್ಯ

ನಮ್ಮಲ್ಲಿ ಗ್ಲೈಫೋಸೇಟ್ ಬಳಕೆಗೆ ಚಹಾ ತೋಟ ಹಾಗೂ ಬೆಳೆಯಿಲ್ಲದ ಪ್ರದೇಶಗಳಿಗೆ ಮಾತ್ರ ಶಿಫಾರಸು ನೀಡಲಾಗಿದೆ, ಹತ್ತಿಗೆ ಇಲ್ಲ. ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಇದನ್ನು ಬಳಸಬಾರದೆಂದು ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು.

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವುಳ್ಳ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು, ಶಿಫಾರಸಿನಂತೆ ಬಳಸಿದಲ್ಲಿ ಅಂತಹ ಸಂಭವವಿಲ್ಲವೆಂದು ಅಭಿಪ್ರಾಯಪಟ್ಟಿದೆ. ಈ ಚರ್ಚೆ ಏನೇ ಇರಲಿ, ಬರಿಗೈ, ಬರಿಗಾಲಿನಲ್ಲಿ ಕಳೆನಾಶಕ ಸಿಂಪಡಿಸುವುದು ಅಪಾಯಕರವೆಂಬುದರಲ್ಲಿ ಎರಡು ಮಾತಿಲ್ಲ.

ಶಿಫಾರಸಿತ ಕಳೆ ನಿರ್ವಹಣಾ ಕ್ರಮಗಳು

• ಮುಂಗಾರಿಗೆ ಮುನ್ನ ಆಳವಾಗಿ ಉಳುಮೆ ಮಾಡಿ ಗರಿಕೆ ಮತ್ತು ಜೇಕಿನ ಗಡ್ಡೆಗಳನ್ನು ಆರಿಸಿ ತೆಗೆಯಿರಿ.
• ಬಿತ್ತಿದ ದಿನ ಅಥವಾ ಎರಡು ದಿನಗಳೊಳಗೆ, ಮಣ್ಣಿನಲ್ಲಿ ತೇವವಿರುವಾಗ, ಎಕರೆಗೆ 1.3 ಲೀಟರ್ ಪೆಂಡಿಮೆಥಾಲಿನ್ 30 ಇ.ಸಿ.ಯನ್ನು 200 ಲೀಟರ್ ನೀರಿನಲ್ಲಿ ಬೆರೆಸಿ ಸಿಂಪಡಿಸಿರಿ. ಮರಳು ಮಿಶ್ರಿತ ಮಣ್ಣಿನಲ್ಲಿ ಪ್ರಮಾಣ ತಗ್ಗಿಸಬೇಕು.
• ಅನಂತರ ಹುಲ್ಲು ಜಾತಿಯ ಕಳೆಗಳು 2ರಿಂದ 4 ಎಲೆಗಳ ಹಂತದಲ್ಲಿರುವಾಗ ಎಕರೆಗೆ 400 ಮಿ.ಲೀ. ಕ್ವಿಜಾಲೊಫಾಪ್ ಈಥೈಲ್ 5 ಇ.ಸಿ. ಬಳಸಬಹುದು. ಅಗಲ ಎಲೆಯ ಕಳೆಗಳಿಗೆ ಎಕರೆಗೆ 250ರಿಂದ 300 ಮಿ.ಲೀ. ಪೈರಿಥಿಯೋಬ್ಯಾಕ್ ಸೋಡಿಯಂ 10 ಇ.ಸಿ. ಸೂಕ್ತ, ಆದರೆ ದ್ವಿದಳ ಧಾನ್ಯಗಳು ಅಂತರಬೆಳೆಯಾಗಿದ್ದರೆ ಇದನ್ನು ಬಳಸಬಾರದು.
• ಹೊಲ ಹದಕ್ಕೆ ಬಂದೊಡನೆ ಎಡೆಕುಂಟೆ ಹೊಡೆದು, ಸಾಲಿನೊಳಗಿನ ಕಳೆಯನ್ನು ಕೈಯಿಂದ ತೆಗೆಯಿರಿ.
• ಹತ್ತಿಗೆ 2,4-ಡಿ ಕಳೆನಾಶಕವು ಅತಿ ಸೂಕ್ಷ್ಮ ಪ್ರಮಾಣದಲ್ಲೂ ಹಾನಿಕರ. ಎಲೆಗಳು ಸೀಳಿ ಬೆರಳಿನಾಕಾರವಾಗುತ್ತವೆ. ಕಬ್ಬು ಅಥವಾ ಜೋಳಕ್ಕೆ ಅದನ್ನು ಸಿಂಪಡಿಸಿದ ಪಂಪನ್ನು ಹತ್ತಿಗೆ ಬಳಸಬೇಡಿರಿ.

ಸಿಂಪರಣೆಯ ವೇಳೆ ಕೈಗವಸು, ಮುಖಗವಸು, ಬೂಟು ಧರಿಸಿರಿ. ಗಾಳಿಗೆ ಎದುರಾಗಿ ಸಿಂಪಡಿಸಬಾರದು. ಖಾಲಿ ಡಬ್ಬಿಗಳನ್ನು ನೀರು ತುಂಬಲು ಬಳಸಬಾರದು. ವಾಂತಿ, ತಲೆಸುತ್ತು, ಕಣ್ಣುರಿ ಕಂಡುಬಂದಲ್ಲಿ ಡಬ್ಬಿಯ ಚೀಟಿಯೊಂದಿಗೆ ಕೂಡಲೇ ವೈದ್ಯರನ್ನು ಕಾಣಬೇಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಬಿತ್ತನೆಗೆ ಮುಂಚೆಯೇ ಗ್ರಾಮಸಭೆಗಳಲ್ಲಿ ಈ ವಿಷಯ ತಿಳಿಸುವುದು ಪರಿಣಾಮಕಾರಿ. ಚೀಟಿ, ತಳಿಯ ಹೆಸರು, ಲಾಟ್ ಸಂಖ್ಯೆ ಇಲ್ಲದ ಪೊಟ್ಟಣ ಕಂಡುಬಂದಲ್ಲಿ ತಾಲ್ಲೂಕಿನ ಬೀಜ ಪರಿವೀಕ್ಷಕರಿಗೆ ವರದಿ ಮಾಡಿರಿ. ಈಗಾಗಲೇ ಇಂತಹ ಬೀಜ ಬಿತ್ತಿರುವ ರೈತರನ್ನು ದೂಷಿಸದೆ, ಗ್ಲೈಫೋಸೇಟ್ ಸಿಂಪಡಿಸದಂತೆ ಮನವೊಲಿಸಿ, ಎಡೆ ಹೊಡೆಯುವ ವಿಧಾನಕ್ಕೆ ನೆರವಾಗಿರಿ. ಹಾಗಲ್ಲದಿದ್ದಲ್ಲಿ ಅವರು ಮಾಹಿತಿ ಮುಚ್ಚಿಡುತ್ತಾರೆ. ಹಾನಿಯಾದ ಮೇಲೆಯೇ ವಿಷಯ ಹೊರಬರುತ್ತದೆ.

ಹೆಚ್ಚಿನ ಮಾಹಿತಿಗೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ. ಕಿಸಾನ್ ಕಾಲ್ ಸೆಂಟರ್‌ನ ಉಚಿತ ದೂರವಾಣಿ ಸಂಖ್ಯೆ 1800-180-1551.