ವ್ಯಾಕರಣದ ಹೊಸ್ತಿಲು ತಗ್ಗಿಸಿದವರು

ಭಾಷೆ ಬಾರದ ಹುಡುಗನಿಗೆ ಆ ಭಾಷೆಯ ವ್ಯಾಕರಣವನ್ನು ಅದೇ ಭಾಷೆಯಲ್ಲಿ ಬಾಯಿಪಾಠ ಮಾಡಿಸುವುದು ನಮ್ಮ ಹಳೆಯ ಸಂಸ್ಕೃತ ಪಾಠಶಾಲೆಗಳ ಕ್ರಮ. ಸೂತ್ರ ಮೊದಲು, ಅರ್ಥ ಆಮೇಲೆ. ಮೇದಿನಿಪುರ ಜಿಲ್ಲೆಯ ಬೀರಸಿಂಹ ಗ್ರಾಮದ ಬಡ ಹುಡುಗ ಈಶ್ವರಚಂದ್ರ 1829ರಲ್ಲಿ ಕಲ್ಕತ್ತೆಯ ಸಂಸ್ಕೃತ ಕಾಲೇಜು ಸೇರಿದಾಗಲೂ ನಡೆದದ್ದು ಇದೇ. ವೋಪದೇವನ ಮುಗ್ಧಬೋಧವನ್ನು ಉರುಹೊಡೆಯುತ್ತ ಮೂರು ವರ್ಷ ವ್ಯಾಕರಣದ ತರಗತಿಯಲ್ಲಿ ಕಳೆದ. ಹನ್ನೆರಡು ವರ್ಷದ ಓದು ಮುಗಿಸಿ 1841ರಲ್ಲಿ ಹೊರಬಂದಾಗ ಅವನ ಹೆಸರಿಗೆ ‘ವಿದ್ಯಾಸಾಗರ’ ಎಂಬ ಬಿರುದು ಸೇರಿತ್ತು.

ಆ ಕಾಲೇಜು ಹುಟ್ಟಿದ್ದೇ ವಾದದ ನಡುವೆ. ಕಾಶಿಯಲ್ಲಿ 1791ರಲ್ಲೇ ಕಂಪನಿ ಸರ್ಕಾರ ಒಂದು ಸಂಸ್ಕೃತ ಕಾಲೇಜು ತೆರೆದಿತ್ತು. ಕಲ್ಕತ್ತೆಯಲ್ಲೂ ಒಂದನ್ನು ಮಾಡಹೊರಟಾಗ ರಾಮಮೋಹನ ರಾಯರು 1823ರ ಡಿಸೆಂಬರಿನಲ್ಲಿ ಗವರ್ನರ್ ಜನರಲ್ ಆಮ್‌ಹರ್ಸ್ಟ್‌ಗೆ ಪತ್ರ ಬರೆದು ವಿರೋಧಿಸಿದರು. ಎಳೆಯರ ವರ್ಷಗಳು ವ್ಯಾಕರಣದ ಸೂಕ್ಷ್ಮಗಳಲ್ಲೇ ಸವೆದುಹೋಗುತ್ತವೆ ಎಂಬುದು ಅವರ ಚಿಂತೆ. ಕಾಲೇಜು 1824ರಲ್ಲಿ ಶುರುವಾಗಿಯೇ ಬಿಟ್ಟಿತು. ರಾಮಮೋಹನರ ಆಕ್ಷೇಪಕ್ಕೆ ಉತ್ತರ ಬರಲು ಮಾತ್ರ ಇಪ್ಪತ್ತೇಳು ವರ್ಷ ಹಿಡಿಯಿತು, ಅದೂ ಅಲ್ಲಿಯೇ ಓದಿದವರೊಬ್ಬರಿಂದ.

1851ರ ಜನವರಿಯಲ್ಲಿ ವಿದ್ಯಾಸಾಗರರು ಪ್ರಿನ್ಸಿಪಾಲರಾದರು. ವಯಸ್ಸು ಮೂವತ್ತು. ಪ್ರತಿಪದೆ, ಅಷ್ಟಮಿಯ ಅನಧ್ಯಾಯ ಹೋಗಿ ಭಾನುವಾರದ ರಜೆ ಬಂತು, ಶುಲ್ಕವೂ ಬಂತು. ಇವೆಲ್ಲ ಆಡಳಿತದ ಮಾತು. ನನ್ನ ದೃಷ್ಟಿಯಲ್ಲಿ ಆ ವರ್ಷದ ದೊಡ್ಡ ಘಟನೆ ಒಂದು ಸಣ್ಣ ಪುಸ್ತಕ: ‘ಉಪಕ್ರಮಣಿಕಾ’. ಸಂಸ್ಕೃತ ವ್ಯಾಕರಣವನ್ನು ಬಂಗಾಳಿಯಲ್ಲಿ ತಿಳಿಸಿಹೇಳುವ ಪುಸ್ತಕವದು. ಹುಡುಗ ಅದನ್ನು ಮುಗಿಸಿ ‘ಋಜುಪಾಠ’ದ ಸುಲಭ ಗದ್ಯಪದ್ಯಗಳಿಗೆ ಹೋಗಬೇಕು, ಅಲ್ಲಿಂದ ‘ವ್ಯಾಕರಣ ಕೌಮುದಿ’ಗೆ. ಅರ್ಥವಾಗದ್ದನ್ನು ನೆನಪಿಟ್ಟುಕೊಳ್ಳುವ ಕಷ್ಟವನ್ನು ಎಳೆತನದಲ್ಲಿ ತಾನೇ ಉಂಡವರು ಮಾತ್ರ ಇಂಥ ಪುಸ್ತಕ ಬರೆಯಬಲ್ಲರು. ಪಾಂಡಿತ್ಯ ಇದರಿಂದ ತೆಳುವಾಗಲಿಲ್ಲ. ಕಾವ್ಯದ ಬಳಿಗೆ ಬೇಗ ಹೋಗುವ ದಾರಿ ಸಿಕ್ಕಿತು.

ಅದೇ ವರ್ಷ ಇನ್ನೊಂದು ಬಾಗಿಲೂ ತೆರೆಯಿತು. ಅದುವರೆಗೆ ಬ್ರಾಹ್ಮಣ, ವೈದ್ಯ ಜಾತಿಯವರಿಗಷ್ಟೇ ಪ್ರವೇಶವಿದ್ದಲ್ಲಿ ಕಾಯಸ್ಥರು ಬಂದರು. 1854ರಲ್ಲಿ ‘ಗೌರವಸ್ಥ’ ಹಿಂದೂ ಮನೆತನದವರಿಗೆಲ್ಲ ಅವಕಾಶವಾಯಿತು. ಆ ‘ಗೌರವಸ್ಥ’ ಎಂಬ ಮಾತಿನ ಹೊರಗೆ ಎಷ್ಟು ಜನ ಉಳಿದರೆಂಬುದನ್ನು ನಾವು ಮರೆಯಬಾರದು. ಬಾಗಿಲು ತೆರೆದದ್ದು ನಿಜ, ಪೂರ್ತಿ ತೆರೆಯಲಿಲ್ಲ ಎಂಬುದೂ ನಿಜ.

1853ರಲ್ಲಿ ಕಾಶಿಯ ಸಂಸ್ಕೃತ ಕಾಲೇಜಿನ ಪ್ರಿನ್ಸಿಪಾಲ್ ಬ್ಯಾಲಂಟೈನ್ ಕಲ್ಕತ್ತೆಗೆ ಬಂದು ಕಾಲೇಜನ್ನು ನೋಡಿ ವರದಿ ಕೊಟ್ಟರು. ಭಾರತೀಯ ದರ್ಶನಕ್ಕೆ ಹತ್ತಿರವಾಗುವ ಪಾಶ್ಚಾತ್ಯ ತತ್ತ್ವಜ್ಞಾನಿ ಬರ್ಕ್ಲಿಯ ಗ್ರಂಥವನ್ನೂ, ಮಿಲ್ಲನ ತರ್ಕಶಾಸ್ತ್ರದ ತಮ್ಮದೇ ಸಾರಸಂಗ್ರಹವನ್ನೂ ಪಾಠಕ್ಕೆ ಇಡಿ ಎಂದರು. ವಿದ್ಯಾಸಾಗರರು ಒಪ್ಪಲಿಲ್ಲ. ವೇದಾಂತ, ಸಾಂಖ್ಯಗಳನ್ನು ಕಲಿಸಲೇಬೇಕು, ಆದರೆ ಅವು ಸರಿಯಾದ ದರ್ಶನಗಳೆಂದು ತಾವು ಒಪ್ಪುವುದಿಲ್ಲ. ಅವನ್ನು ಬೆಂಬಲಿಸುವ ಬರ್ಕ್ಲಿ ಬೇಡ, ಎದುರಿಸಿ ನಿಲ್ಲುವ ಮಿಲ್ ಬೇಕು, ಅದೂ ಮೂಲಗ್ರಂಥವೇ ಬೇಕು ಎಂಬುದು ಅವರ ನಿಲುವು. ದರ್ಶನಗಳ ಬಗ್ಗೆ ಅವರ ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ಆದರೆ ಓದಿದ್ದನ್ನು ಪ್ರಶ್ನಿಸಲು ಕಲಿಯದವನು ಪಂಡಿತನೇ ಅಲ್ಲವೆಂಬ ಅವರ ಹಟದ ಮುಂದೆ ತಲೆಬಾಗುತ್ತೇನೆ. ಇದೇ ಮನುಷ್ಯ ವಿಜಯನಗರದ ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’ವನ್ನು ಏಷಿಯಾಟಿಕ್ ಸೊಸೈಟಿಗಾಗಿ ಸಂಪಾದಿಸಿ ಅಚ್ಚಿಗೆ ಕೊಟ್ಟರು.

ಬಾಲಿಕಾ ಶಾಲೆಗಳ ಖರ್ಚಿನ ವಿಷಯದಲ್ಲಿ ಮೇಲಧಿಕಾರಿಯೊಂದಿಗೆ ಹೊಂದದೆ 1858ರಲ್ಲಿ ಅವರು ಕೆಲಸ ಬಿಟ್ಟರು. ಅವರ ಕುರ್ಚಿಗೆ ಬಂದ ಕೋವೆಲ್ ಮುಂದೆ ಕೇಂಬ್ರಿಡ್ಜಿನ ಮೊದಲ ಸಂಸ್ಕೃತ ಪ್ರಾಧ್ಯಾಪಕರಾದರು. ಗಫ್ ಜೊತೆಗೂಡಿ 1882ರಲ್ಲಿ ಪ್ರಕಟಿಸಿದ ಅನುವಾದದಿಂದ ಅದೇ ‘ಸರ್ವದರ್ಶನಸಂಗ್ರಹ’ ಇಂಗ್ಲಿಷಿಗೆ ಹೋಯಿತು.

ಪಾಠಪುಸ್ತಕದ ಕೆಲಸ ಪಶ್ಚಿಮ ಕರಾವಳಿಯ ಕಡೆಗೂ ಹಬ್ಬಿತು. 1860ರ ದಶಕದಲ್ಲಿ ರಾಮಕೃಷ್ಣ ಗೋಪಾಲ ಭಂಡಾರ್ಕರರ ‘ಮಾರ್ಗೋಪದೇಶಿಕಾ’ ಮತ್ತು ‘ಮಂದಿರಾಂತಃಪ್ರವೇಶಿಕಾ’ ಬಂದವು. ದಾರಿ ತೋರಿಸಿ ಗುಡಿಯೊಳಕ್ಕೆ ಕರೆದೊಯ್ಯುವ ಹೆಸರುಗಳು. ಪುಣೆಯ ಫರ್ಗ್ಯುಸನ್ ಕಾಲೇಜಿನ ಮೊದಲ ಪ್ರಿನ್ಸಿಪಾಲ್ ವಾಮನ ಶಿವರಾಮ ಆಪ್ಟೆ ವಾಕ್ಯರಚನೆಯ ಕೈಪಿಡಿ ಬರೆದರು, 1890ರಲ್ಲಿ ಸಂಸ್ಕೃತ–ಇಂಗ್ಲಿಷ್ ನಿಘಂಟು ಹೊರತಂದರು. ಎರಡೇ ವರ್ಷಕ್ಕೆ, ಮೂವತ್ತನಾಲ್ಕರ ಪ್ರಾಯದಲ್ಲಿ ತೀರಿಕೊಂಡರು. ಅಷ್ಟು ಚಿಕ್ಕ ಆಯುಸ್ಸಿನಲ್ಲಿ ಅಷ್ಟು ದೊಡ್ಡ ನಿಘಂಟು ಹೇಗೆ ಸಾಧ್ಯವಾಯಿತೆಂದು ಅದನ್ನು ತೆರೆದಾಗಲೆಲ್ಲ ಬೆರಗಾಗುತ್ತದೆ.

ಸಂಸ್ಕೃತ ಬಲ್ಲವರ ಕೈಯಲ್ಲೇ ಒಳ್ಳೆಯ ಬಂಗಾಳಿ ಗದ್ಯ ಬೆಳೆಯಬೇಕೆಂಬುದು ವಿದ್ಯಾಸಾಗರರ ಆಸೆ. ಅವರೇ ‘ಶಾಕುಂತಲ’ವನ್ನು ಬಂಗಾಳಿ ಕಥೆಯಾಗಿಸಿದರು, ಷೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ನಿಂದ 1869ರಲ್ಲಿ ‘ಭ್ರಾಂತಿವಿಲಾಸ’ ಬರೆದರು. ಇತ್ತ ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತರು. ಬಂಕಿಮರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಅವರು ‘ಭ್ರಾಂತಿವಿಲಾಸ’ವನ್ನೂ ತಂದರು.